ನಾಲ್ಕು ಲವಂಗ, ಹತ್ತು ಕೆಜಿ ಅಕ್ಕಿ

ಮಳೆಗಾಲ ಶುರುವಾಗುತ್ತಿದ್ದ ಹಾಗೆ ವಾಟ್ಸಾಪ್‌ನಲ್ಲಿ ಆ ವಿಡಿಯೋ ಬಂದೇ ಬರುತ್ತದೆ. ಅಕ್ಕಿ ಡಬ್ಬಕ್ಕೆ ನಾಲ್ಕು ಲವಂಗ ಹಾಕಿ, ಹುಳ ಹತ್ತಿರವೂ ಸುಳಿಯಲ್ಲ ಅಂತ. ಮಾರನೇ ದಿನ ಇನ್ನೊಬ್ಬರು ಪಲಾವ್ ಎಲೆ ಅಂತಾರೆ. ಆಮೇಲೆ ಬೇವಿನ ಸೊಪ್ಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಮೆಣಸು ಎಲ್ಲಾ ಸಾಲಾಗಿ ಬರುತ್ತವೆ. ಎಲ್ಲರ ಮಾತೂ ಕೇಳಿದರೆ ಡಬ್ಬದಲ್ಲೇ ಪಲಾವ್‌ಗೆ ಮಸಾಲೆ ಬಿದ್ದ ಹಾಗಾಗುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಲವಂಗದ ತೂಕ ಹೆಚ್ಚೂಕಡಿಮೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಒಳ್ಳೆಯ ಲವಂಗದಲ್ಲಿ ಎಣ್ಣೆ ಇರುವುದು ಶೇಕಡಾ 15ರಿಂದ 20. ಆ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್. ಹಲ್ಲುನೋವಿಗೆ ಲವಂಗ ಕಚ್ಚಿದಾಗ ಜುಮ್ಮೆನ್ನುವುದು ಅದರಿಂದಲೇ. ಅಂದರೆ ನಾಲ್ಕು ಲವಂಗವನ್ನು ಪೂರ್ತಿ ಹಿಂಡಿದರೂ ಸಿಗುವುದು ಎರಡು ಮೂರು ಹನಿ. ಅದೂ ಲವಂಗದ ಒಳಗೇ ಕೂತಿರುತ್ತದೆ, ಹೊರಗೆ ಬರುವುದು ನಿಧಾನಕ್ಕೆ. ಡಬ್ಬದಲ್ಲಿರುವುದು ಹತ್ತು ಕೆಜಿ ಅಕ್ಕಿ. ಮೇಲೆ ಲವಂಗ ಇಟ್ಟರೆ ತಳದಲ್ಲಿರುವ ಹುಳಕ್ಕೆ ಸುದ್ದಿಯೂ ಮುಟ್ಟಲ್ಲ.

ಹಾಗಂತ ಲವಂಗದ ವಾಸನೆ ಹುಳಕ್ಕೆ ಆಗಲ್ಲ ಅನ್ನೋದು ಸುಳ್ಳೇನಲ್ಲ. ಲವಂಗದ ಯೂಜಿನಾಲ್, ನೀಲಗಿರಿ ಎಲೆಯ ಸಿನಿಯೋಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಇವೆಲ್ಲ ಕೀಟಗಳಿಗೆ ಆಗದ ವಸ್ತುಗಳೇ. ಗಿಡಗಳು ಇವನ್ನು ತಯಾರಿಸಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣವೇ ತಮ್ಮನ್ನು ತಿನ್ನಲು ಬರುವ ಹುಳಗಳನ್ನು ದೂರ ಇಡುವುದು. ಪ್ರಯೋಗಾಲಯದಲ್ಲಿ ಸಣ್ಣ ಸೀಸೆಯಲ್ಲಿ ಹುಳ ಬಿಟ್ಟು, ಗಿಡದಿಂದ ತೆಗೆದ ಎಣ್ಣೆಯ ಆವಿ ಹಿಡಿಸಿದರೆ ಅವು ಸಾಯುತ್ತವೆ. ಆದರೆ ಸೀಸೆಯೇ ಬೇರೆ, ಮೂಟೆಯೇ ಬೇರೆ. ಮೂಟೆಯಲ್ಲಿ ಧಾನ್ಯವೇ ಆ ಆವಿಯನ್ನು ಹೀರಿಕೊಳ್ಳುತ್ತದೆ. ಹುಳಕ್ಕೆ ತಲುಪುವುದು ಅಷ್ಟಕ್ಕಷ್ಟೆ. ಹೀರಿಕೊಂಡ ವಾಸನೆ ಕೊನೆಗೆ ನಮ್ಮ ಅನ್ನಕ್ಕೆ ಬರುತ್ತದೆ.

ಮುಚ್ಚಿದ ಡಬ್ಬದೊಳಗೆ ಹುಳ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟೋ ಸಲ ಅದು ಅಕ್ಕಿ ಜೊತೆಗೇ ಮನೆಗೆ ಬಂದಿರುತ್ತದೆ. ಅಕ್ಕಿಯಲ್ಲಿ ಕಾಣುವ ಕಪ್ಪಗಿನ ನುಸಿ ಇದೆಯಲ್ಲ, ಕೃಷಿ ಇಲಾಖೆಯವರು ಸೊಂಡಿಲು ಕೀಟ ಅನ್ನುತ್ತಾರೆ, ಅದರ ಹೆಣ್ಣು ತನ್ನ ಉದ್ದ ಮೂತಿಯಿಂದ ಕಾಳಿನಲ್ಲಿ ತೂತು ಕೊರೆಯುತ್ತದೆ. ತೂತಿನಲ್ಲಿ ಒಂದು ಮೊಟ್ಟೆ ಇಟ್ಟು, ಮೇಲೆ ಅಂಟಿನಂಥದ್ದೇನೋ ಬಳಿದು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳಿಗೆ ಏನೂ ಆಗಿಲ್ಲ. ಮರಿ ಒಳಗೇ ತಿಂದು, ಒಳಗೇ ಬೆಳೆದು, ಬೆಚ್ಚಗಿನ ಹವೆಯಲ್ಲಿ ಒಂದು ತಿಂಗಳ ಆಸುಪಾಸಿನಲ್ಲಿ ದೊಡ್ಡ ಹುಳವಾಗಿ ಹೊರಬರುತ್ತದೆ. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ 300ರಿಂದ 400 ಮೊಟ್ಟೆ ಇಡಬಲ್ಲದು. ಅಂಗಡಿಯಿಂದ ತಂದಾಗ ಹುಳ ಇರಲಿಲ್ಲ, ಮನೆಗೆ ಬಂದಮೇಲೆ ಆಯಿತು ಅಂತ ನಾವು ಡಬ್ಬವನ್ನು ಬೈಯುತ್ತೇವೆ. ಪಾಪ, ಡಬ್ಬದ ತಪ್ಪೇನಿಲ್ಲ.

ಇನ್ನೊಂದು ಮಜಾ ಇದೆ. ಗಂಡು ನುಸಿ ಕಾಳು ತಿನ್ನುತ್ತಾ ತನ್ನದೇ ಒಂದು ವಾಸನೆ ಬಿಡುತ್ತದೆ. ಅದನ್ನು ಹಿಡಿದು ಬೇರೆ ಗಂಡು ಹೆಣ್ಣುಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಊಟ ಇಲ್ಲಿದೆ ಬನ್ನಿ ಅಂತ ಕರೆದ ಹಾಗೆ. ಹಳೇ ಗೋಧಿಹಿಟ್ಟಿನ ಡಬ್ಬ ತೆಗೆದಾಗ ಬರುವ ಘಾಟು ಕೂಡ ಹುಳದ್ದೇ. ಹಿಟ್ಟಿನ ಕೆಂಪು ಹುಳ ಜಾಸ್ತಿಯಾದಾಗ ಕ್ವಿನೋನ್ ಅನ್ನುವ ವಸ್ತು ಬಿಡುತ್ತದೆ, ಹಿಟ್ಟಿಗೆಲ್ಲ ಅದು ಹತ್ತಿಕೊಳ್ಳುತ್ತದೆ. ಕತ್ತಲೆಯಲ್ಲಿ ಬದುಕುವ ಈ ಹುಳಗಳಿಗೆ ಕಣ್ಣಿಗಿಂತ ಮೀಸೆಯೇ ಮುಖ್ಯ. ಆ ಎರಡು ಮೀಸೆಯಲ್ಲಿ ವಾಸನೆ ಹಿಡಿದೇ ಅವು ಊಟ ಹುಡುಕುತ್ತವೆ, ಜೋಡಿ ಹುಡುಕುತ್ತವೆ. ಹಾಗಾಗಿ ಘಾಟಿನ ಸೊಪ್ಪು ಇಟ್ಟರೆ ಹೊರಗಿನ ಹುಳಕ್ಕೆ ಗೊಂದಲವಾಗುತ್ತದೆ ಅನ್ನೋದರಲ್ಲಿ ಅರ್ಥವಿದೆ. ಕಾಳಿನೊಳಗೆ ಬಾಗಿಲು ಹಾಕಿಕೊಂಡು ಕೂತ ಮರಿಗೆ ಮಾತ್ರ ಅದು ಯಾವ ಲೆಕ್ಕಕ್ಕೂ ಇಲ್ಲ. ಲವಂಗದ ವಿಡಿಯೋಗಳ ಮೇಲೆ ನನಗಿರುವ ತಕರಾರು ಇಷ್ಟೇ.

ಕಾಳುಗಳ ಕಥೆ ಇನ್ನೂ ಬೇರೆ. ಊರಿಂದ ಅಮ್ಮ ಕಳಿಸುವ ಅಲಸಂದೆಯನ್ನು ಡಬ್ಬಕ್ಕೆ ಸುರಿಯುವ ಮೊದಲು ಒಂದು ಹಿಡಿ ಅಂಗೈ ಮೇಲೆ ಹರಡಿಕೊಂಡು ಕಿಟಕಿ ಹತ್ತಿರ ನೋಡುವುದು ನನ್ನ ಅಭ್ಯಾಸ. ಕೆಲವು ಕಾಳಿನ ಸಿಪ್ಪೆ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಬೊಟ್ಟು ಇರುತ್ತದೆ. ಉಗುರಿನಲ್ಲಿ ಕೆರೆದರೆ ಪೊರೆಯಂತೆ ಏಳುತ್ತದೆ. ಅದು ಮೊಟ್ಟೆಯ ಚಿಪ್ಪು. ಮರಿ ಅದರ ತಳದಿಂದಲೇ ನೇರ ಕಾಳಿನೊಳಗೆ ಕೊರೆದುಕೊಂಡು ಹೋಗಿರುತ್ತದೆ. ಇನ್ನೊಂದು ಕಾಳಿನಲ್ಲಿ ದುಂಡಗೆ, ಮಸುಕಾಗಿ ಒಂದು ಗುರುತು ಕಾಣುತ್ತದೆ. ಅಲ್ಲಿ ಒಳಗಿನದೆಲ್ಲ ಖಾಲಿ, ತೆಳ್ಳಗಿನ ಸಿಪ್ಪೆ ಮಾತ್ರ ಉಳಿದಿದೆ. ಸೂಜಿಯಿಂದ ಒತ್ತಿದರೆ ಮುಚ್ಚಳ ತೆಗೆದ ಹಾಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಕಂದು ಬಣ್ಣದ ದುಂಬಿ ಕಾಲು ಮುದುರಿಕೊಂಡು ಕೂತಿರುತ್ತದೆ, ಇನ್ನೇನು ಹೊರಗೆ ಬರಬೇಕು.

ಈ ದುಂಬಿ ಹೊಲದಲ್ಲೇ, ಬಲಿತ ಕಾಯಿಯ ಮೇಲೆಯೇ ಮೊಟ್ಟೆ ಇಡಬಲ್ಲದು. ಅಂದರೆ ಕಣಕ್ಕೆ ಬರುವ ಮುಂಚೆಯೇ ಕಾಳಿಗೆ ಹುಳ ಬಿದ್ದಿರಬಹುದು. ಮನೆಯೊಳಗೆ ಬಂದಮೇಲೆ ಒಂದರಿಂದ ನೂರಾಗುತ್ತದೆ. ದೊಡ್ಡದಾದ ದುಂಬಿಗೆ ಕಾಳು ತಿನ್ನುವ ಗೋಜೇ ಇಲ್ಲ. ಒಂದೆರಡು ವಾರ ಬದುಕುತ್ತದೆ, ಜೋಡಿ ಕಟ್ಟುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ. ತಿನ್ನುವುದೆಲ್ಲ ಮರಿಯ ಕೆಲಸ.

ಇದನ್ನು ತಿಳಿದಮೇಲೆ ಬೇವಿನ ಬಗ್ಗೆಯೂ ನನ್ನ ನಂಬಿಕೆ ಸ್ವಲ್ಪ ಬದಲಾಯಿತು. ಬೇವಿಗೆ ದೊಡ್ಡ ಹೆಸರಿದೆ, ಆ ಹೆಸರು ಸುಮ್ಮನೆ ಬಂದದ್ದೂ ಅಲ್ಲ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಬಂದು ಸುತ್ತಲಿನ ಹಸಿರೆಲ್ಲ ತಿಂದುಹಾಕಿದಾಗ ಬೇವಿನ ಮರಗಳು ಮಾತ್ರ ಉಳಿದದ್ದನ್ನು ಜರ್ಮನಿಯ ಕೀಟ ವಿಜ್ಞಾನಿ ಹೈನ್ರಿಚ್ ಶ್ಮುಟರರ್ ಗಮನಿಸಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಅವರ ಜೊತೆಯವರು ಬೇವಿನ ಬೀಜವನ್ನು ಅರೆದು ನೀರಿನಲ್ಲಿ ಕಲಸಿ ಬೆಳೆಗೆ ಸಿಂಪಡಿಸಿದರು. 1962ರಲ್ಲಿ ದೆಹಲಿ ಕಡೆ ಮಿಡತೆ ಬಂದಾಗ ಆ ಬೆಳೆ ಉಳಿಯಿತು. ಇದರ ಹಿಂದಿರುವುದು ಬೇವಿನಲ್ಲಿರುವ ಅಜಾಡಿರಾಕ್ಟಿನ್ ಅನ್ನುವ ವಸ್ತು, ಅದು ಎಷ್ಟು ಜಟಿಲ ಅಂದರೆ, ಕೇಂಬ್ರಿಜ್‌ನ ರಸಾಯನ ವಿಜ್ಞಾನಿಗಳು ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ಮುಗಿಸಲು 22 ವರ್ಷ ಹಿಡಿಯಿತು, 2007ರವರೆಗೆ. ನಮ್ಮ ಊರಬಾಗಿಲ ಮರ ಅದನ್ನು ಪ್ರತಿ ಬೇಸಿಗೆ ಮಾಡಿ ನೆಲಕ್ಕೆ ಉದುರಿಸುತ್ತದೆ.

ಆದರೆ ಗಮನಿಸಿ. ಅಜಾಡಿರಾಕ್ಟಿನ್ ಕೆಲಸ ಮಾಡುವುದು ವಾಸನೆಯಿಂದಲ್ಲ. ಅದು ಬಾಯಿಗೆ ತಾಗಬೇಕು. ತಾಗಿದರೆ ಹುಳ ತಿನ್ನುವುದನ್ನು ಬಿಡುತ್ತದೆ. ಹೊಟ್ಟೆಗೆ ಹೋದರೆ ಮರಿಗೆ ಪೊರೆ ಬಿಡಲು, ಬೆಳೆಯಲು ಆಗುವುದಿಲ್ಲ. ಅದು ಹೆಚ್ಚಿಗೆ ಇರುವುದೂ ಬೀಜದಲ್ಲಿ, ಎಲೆಯಲ್ಲಿ ಕಡಿಮೆ. ಅಕ್ಕಿಯ ನಡುವೆ ಒಂದು ಎಸಳು ಬೇವು ಇಟ್ಟರೆ ಹುಳ ಅಕ್ಕಿ ಬಿಟ್ಟು ಬೇವಿಗೆ ಯಾಕೆ ಬಾಯಿ ಹಾಕುತ್ತದೆ ಹೇಳಿ? ಬಿತ್ತನೆ ಕಾಳಿಗೆ ಬೇವಿನ ಬೀಜದ ಪುಡಿಯನ್ನು ಚೆನ್ನಾಗಿ ಹೊರಳಿಸಿ ಇಟ್ಟರೆ ಅದು ಬೇರೆ ಮಾತು. ಅಲ್ಲಿ ಪ್ರತಿ ಕಾಳಿಗೂ ಕಹಿ ಅಂಟಿರುತ್ತದೆ. ತಿನ್ನುವ ಅಕ್ಕಿಗೆ ಹಾಗೆ ಮಾಡಲಾಗುವುದಿಲ್ಲ. ಮಾಡಿದರೆ ವರ್ಷವಿಡೀ ಯುಗಾದಿ.

ಹಾಗಾದರೆ ಅಜ್ಜಿಯರ ಕಾಲದಲ್ಲಿ ಬೇವಿನ ಸೊಪ್ಪು ಹಾಕಿ ವರ್ಷಗಟ್ಟಲೆ ಕಾಳು ಇಡುತ್ತಿದ್ದದ್ದು ಸುಳ್ಳೇ? ಸುಳ್ಳಲ್ಲ. ಅವರು ಸೊಪ್ಪಿಗೆ ಮುಂಚೆ ಏನೇನು ಮಾಡುತ್ತಿದ್ದರು ಅನ್ನೋದನ್ನು ನಾವು ಮರೆತಿದ್ದೇವೆ, ಅಷ್ಟೇ.

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಅಮ್ಮ ಈಗಲೂ ಮಾಡುವುದನ್ನು ಹೇಳುತ್ತೇನೆ. ಮೊದಲು ಅಂಗಳ ಸಾರಿಸಿ ಒಣಗಿಸುತ್ತಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕಾಳನ್ನು ತೆಳ್ಳಗೆ ಹರಡುತ್ತಾರೆ. ಗುಡ್ಡೆ ಹಾಕಿದರೆ ಬೈಗುಳ ಗ್ಯಾರಂಟಿ. ಮಧ್ಯಾಹ್ನದವರೆಗೆ ಒಂದೆರಡು ಸಲ ಕಾಲಲ್ಲಿ ಗೆರೆ ಎಳೆದು ಮಗುಚುತ್ತಾರೆ. ಬಿಸಿಲು ಏರುತ್ತಿದ್ದ ಹಾಗೆ ಕಾಳಿನಿಂದ ಹುಳ ಹೊರಡುವುದನ್ನು ನೋಡಬೇಕು. ಮೊದಲು ಒಂದೆರಡು, ಆಮೇಲೆ ಹತ್ತಿಪ್ಪತ್ತು, ಎಲ್ಲವೂ ನೆರಳಿರುವ ಕಡೆಗೇ. ಕೋಳಿಗಳಿಗೆ ಇದು ಹೇಗೋ ಗೊತ್ತು, ಗೋಡೆ ಪಕ್ಕ ಕಾದು ನಿಂತಿರುತ್ತವೆ. ಕಾಳಿನ ಬಿಸಿ 50 ಡಿಗ್ರಿ ದಾಟಿದರೆ ಒಳಗಿರುವ ಮೊಟ್ಟೆ ಮರಿಗಳೂ ಹೆಚ್ಚು ಹೊತ್ತು ತಡೆಯಲಾರವು. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಬಂಡೆ ಮೇಲೆ ತೆಳ್ಳಗೆ ಹರಡಿದ ಕಾಳು ಅಷ್ಟು ಕಾಯುವುದು ದೊಡ್ಡದೇನಲ್ಲ. ಕೆಳಗೆ ಕಪ್ಪು ಪ್ಲಾಸ್ಟಿಕ್ಕು, ಮೇಲೆ ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ಕು ಹೊದಿಸಿದರೆ ಇನ್ನೂ ಬೇಗ ಕಾಯುತ್ತದೆ.

ಸಂಜೆ ಕಾಳು ಒಂದನ್ನು ಹಲ್ಲಿಗೆ ಹಾಕಿ ನೋಡುತ್ತಾರೆ. ಕಟಕ್ ಅನ್ನಬೇಕು. ಮೆತ್ತಗೆ ನುಗ್ಗಿದರೆ ನಾಳೆಯೂ ಬಿಸಿಲಿಗೆ. ಅಮ್ಮನ ಹಲ್ಲು ಅಳೆಯುತ್ತಿರುವುದು ತೇವಾಂಶವನ್ನು. ಧಾನ್ಯದ ತೇವ ಶೇಕಡಾ 12ರ ಒಳಗೆ, ಬೇಳೆಕಾಳಿನದು 9–10ರ ಆಸುಪಾಸಿಗೆ ಇಳಿದರೆ ಹುಳಕ್ಕೆ ಸಂಸಾರ ಹೂಡುವುದು ಕಷ್ಟ, ಬೂಷ್ಟೂ ಹಿಡಿಯಲ್ಲ. ಆಮೇಲೆ ಮೊರದಲ್ಲಿ ಕೇರಿ, ಒಡಕು, ತೂತು ಕಾಳು ಆರಿಸಿ ದನಕ್ಕೆ. ಇಡುವ ಡ್ರಮ್ಮನ್ನು ಬಟ್ಟೆಯಲ್ಲಿ ಒರೆಸಿ ಅದನ್ನೂ ಬಿಸಿಲಿಗೆ ಮಗುಚಿ ಹಾಕುತ್ತಾರೆ. ಹಳೇ ಕಾಳಿನ ಒಂದು ಹಿಡಿ ತಳದಲ್ಲಿ ಉಳಿದಿದ್ದರೂ ಬಿಡಲ್ಲ. ಕಾಳು ಪೂರ್ತಿ ತಣ್ಣಗಾದ ಮೇಲೆ ತುಂಬುತ್ತಾರೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ಸೊಪ್ಪು ಬರುವುದು ಇಷ್ಟೆಲ್ಲ ಆದಮೇಲೆ. ಅಲ್ಲಿಗೆ ಒಳಗಿನ ಹುಳ ಹೆಚ್ಚುಕಡಿಮೆ ಮುಗಿದಿರುತ್ತದೆ. ಇನ್ನು ಹೊರಗಿನದು ಬರದ ಹಾಗೆ ನೋಡಿಕೊಂಡರೆ ಸಾಕು. ಆ ಕೆಲಸಕ್ಕೆ ವಾಸನೆ ಒದಗುತ್ತದೆ. ನಾವು ಪೇಟೆಗೆ ಬರುವಾಗ ಇದರಲ್ಲಿ ಸೊಪ್ಪನ್ನು ಮಾತ್ರ ತಂದುಕೊಂಡೆವು, ಬಿಸಿಲನ್ನು ಅಲ್ಲೇ ಬಿಟ್ಟೆವು.

ನಮ್ಮ ಕಡೆ ಬೇವಿಗಿಂತ ಲಕ್ಕಿ ಸೊಪ್ಪಿನ ಮೇಲೆ ನಂಬಿಕೆ ಜಾಸ್ತಿ. ಬೇಲಿಯಲ್ಲಿ, ಹಳ್ಳದ ದಡದಲ್ಲಿ ತಾನಾಗೇ ಬೆಳೆಯುವ ಗಿಡ. ಕರಾವಳಿಯಲ್ಲಿ ನೆಕ್ಕಿ ಅನ್ನುತ್ತಾರೆ. ಬಾಣಂತಿ ನೀರಿಗೆ ಹಾಕುವುದು, ಸಂಜೆ ಸೊಳ್ಳೆಗೆ ಹೊಗೆ ಹಾಕುವುದು ಇದನ್ನೇ. ಎಲೆ ಹಿಸುಕಿದರೆ ಮೂಗಿಗೆ ಕರ್ಪೂರದಂಥ ಘಾಟು ಹೊಡೆಯುತ್ತದೆ. ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಆ ಘಾಟೇ ಹಾರಿಹೋಗುತ್ತದೆ. ಹಸಿ ಎಲೆ ಹಾಕಿದರಂತೂ ಮುಗಿಯಿತು, ಅದರ ನೀರು ಕಾಳಿಗೆ ಇಳಿದು ಹುಳಕ್ಕೆ ನಾವೇ ಅನುಕೂಲ ಮಾಡಿಕೊಟ್ಟಂತೆ. ಅಮ್ಮ ಒಣಗಿದ ಸೊಪ್ಪನ್ನು ಒಂದು ಪದರ ಕಾಳು, ಒಂದು ಪದರ ಸೊಪ್ಪು ಅಂತ ಹಾಕುತ್ತಾರೆ. ನಾಲ್ಕು ಎಲೆಯ ವ್ಯವಹಾರ ಅಲ್ಲ, ಎರಡೂ ಕೈ ತುಂಬ. ಮಲೆನಾಡಿನ ಜೋರು ಮಳೆಯಲ್ಲೋ ಕರಾವಳಿಯ ಸೆಕೆಯಲ್ಲೋ ಇದು ಎಷ್ಟು ದಿನ ತಾಳುತ್ತದೋ, ನಮ್ಮ ಬಯಲುಸೀಮೆಯ ಒಣಹವೆಯಲ್ಲಂತೂ ಮುಂದಿನ ಸುಗ್ಗಿವರೆಗೆ ಕಾಳು ಚೆನ್ನಾಗಿರುತ್ತದೆ.

ಬಜೆ ವಿಷಯ ಬಂದರೆ ಸ್ವಲ್ಪ ಹುಷಾರು. ನಮ್ಮ ಜಿಲ್ಲೆಯ ಕೊರಟಗೆರೆ ಕಡೆ ಇದನ್ನು ಗದ್ದೆಯಲ್ಲಿ ಬೆಳೆಯುತ್ತಾರೆ. ಬೇರಿನ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸಂಜೆವರೆಗೂ ಹೋಗಲ್ಲ. ಹುಳದ ಮೇಲೆ ನಿಜಕ್ಕೂ ಕೆಲಸ ಮಾಡುವುದು ಇದು. ಇದರಲ್ಲಿರುವ ಬೀಟಾ ಅಸರೋನ್ ಹುಳದ ಸಂತಾನಶಕ್ತಿಯನ್ನೇ ಕೆಡಿಸುತ್ತದೆ. ಆದರೆ ಅದೇ ವಸ್ತುವನ್ನು ಇಲಿಗಳಿಗೆ ತಿನ್ನಿಸಿದಾಗ ಗಡ್ಡೆಗಳು ಬಂದವು. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸದಂತೆ ನಿಷೇಧಿಸಿದರು. ನಮ್ಮ ದೇಶದ ಬಜೆಯಲ್ಲಿ ಈ ವಸ್ತು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಬಿತ್ತನೆ ಬೀಜಕ್ಕೆ ಬಜೆ ಪುಡಿ ಕಲಸಿ, ಬೇಡ ಅನ್ನಲ್ಲ. ಉಣ್ಣುವ ಅಕ್ಕಿಗೆ ಬೇಡ. ಗಿಡದಿಂದ ಬಂದದ್ದೆಲ್ಲ ಸಾಧು ಅನ್ನೋ ನಂಬಿಕೆ ಇದೆಯಲ್ಲ, ಅದು ನನಗೆ ಹುಳಕ್ಕಿಂತ ಜಾಸ್ತಿ ಕಾಟ ಕೊಡುತ್ತದೆ.

ಹಾಗೆಯೇ ಗೋದಾಮಿಗೆ ಹಾಕುವ ಗುಳಿಗೆಯನ್ನು ಯಾರಾದರೂ ಕೊಟ್ಟರೆ ಮನೆಯೊಳಗೆ ತರಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮಲಗಿದ್ದವರ ಜೀವ ತೆಗೆದದ್ದಿದೆ.

ಇನ್ನು ಹುಳ ತಡೆಯುವ ಹಳೇ ಉಪಾಯಗಳಲ್ಲಿ ವಾಸನೆಗೆ ಸಂಬಂಧವೇ ಇಲ್ಲದವೂ ಎಷ್ಟೋ ಇವೆ. ತೊಗರಿಬೇಳೆಗೆ ಹರಳೆಣ್ಣೆ ಹಚ್ಚುವುದು ಎಲ್ಲರಿಗೂ ಗೊತ್ತು. ಒಂದು ಕೆಜಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ ಸಾಕು. ಅಂಗೈಗೆ ಹಾಕಿಕೊಂಡು ಪ್ರತಿ ಕಾಳೂ ಮಿರುಗುವ ಹಾಗೆ ಉಜ್ಜಬೇಕು. ಜಾರುವ ಕಾಳಿಗೆ ಮೊಟ್ಟೆ ಸರಿಯಾಗಿ ಅಂಟಲ್ಲ, ಅಂಟಿದ ಮೊಟ್ಟೆಗೆ ಎಣ್ಣೆ ಕವಿದು ಉಸಿರು ಕಟ್ಟುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೀಜಕ್ಕೆ ಬೂದಿ ಕಲಸುವುದು ಇನ್ನೊಂದು ಬಗೆ. ನುಣ್ಣನೆಯ ಪುಡಿ ಹುಳದ ಮೈಮೇಲಿನ ಮೇಣದ ಪದರವನ್ನು ಕೆಡಿಸುತ್ತದೆ, ಮೈಯ ನೀರು ಆರಿ ಅದು ಒಣಗಿ ಸಾಯುತ್ತದೆ.

ಹಗೇವಂತೂ ನನಗೆ ಯಾವಾಗಲೂ ಆಶ್ಚರ್ಯ. ಹಳೇ ಮೈಸೂರು ಕಡೆ ನೆಲದಲ್ಲಿ ಆಳವಾದ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಹುಳಕ್ಕೆ ಉಳಿಗಾಲವಿಲ್ಲ. ಮನುಷ್ಯರಿಗೂ ಇಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು, ದೀಪ ಇಳಿಸಿ ಅದು ಉರಿಯುತ್ತದಾ ನೋಡಬೇಕು ಅಂತ ಹಿರಿಯರು ಎಚ್ಚರಿಸುತ್ತಿದ್ದದ್ದು ಅದಕ್ಕೇ. ಜೊತೆಗೆ ರಾಗಿ ಕಾಳು ಎಷ್ಟು ಚಿಕ್ಕದು ಅಂದರೆ ನುಸಿಯ ಮರಿ ಅದರೊಳಗೆ ಹಿಡಿಯುವುದೇ ಇಲ್ಲ. 1980ರ ದಶಕದ ಕೊನೆಗೆ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅಲ್ಲಿನ ಅಲಸಂದೆ ರೈತರಿಗಾಗಿ ಗಾಳಿಯಾಡದ ಮೂರು ಪದರದ ಚೀಲ ರೂಪಿಸಿದರು. ಒಳಗೆ ನಡೆಯುವುದು ಹಗೇವಿನ ಕೆಲಸವೇ. ಸೊಪ್ಪೂ ಬೇಡ, ಔಷಧಿಯೂ ಬೇಡ.

ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೂತು ಇದೆಲ್ಲ ಹೇಗೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವಿರುವ ಕಟ್ಟಡದಲ್ಲಿ ತಾರಸಿಗೆ ಬೀಗ. ಕಾಳು ಒಣಗಿಸಿದರೆ ಪಾರಿವಾಳ ಬರುತ್ತವಂತೆ, ನೋಡಲು ಚೆನ್ನಾಗಿರಲ್ಲವಂತೆ. ಸೌರಫಲಕಕ್ಕೆ ಜಾಗ ಇದೆ, ಸಂಡಿಗೆಗೆ ಇಲ್ಲ! ಬಾಲ್ಕನಿಗೆ ಬೆಳಿಗ್ಗೆ ಎರಡು ಗಂಟೆ ಬಿಸಿಲು ಬಂದರೆ ಹೆಚ್ಚು. ಹಾಗಾಗಿ ನಾನು ಬಿಸಿಲಿನ ಬದಲು ಚಳಿಯನ್ನು ಹಿಡಿದುಕೊಂಡಿದ್ದೇನೆ. ಊರಿಂದ ಬಂದ ಕಾಳನ್ನು ಚೀಲಕ್ಕೆ ಕಟ್ಟಿ ಫ್ರೀಜರ್‌ನಲ್ಲಿ ಇಡುತ್ತೇನೆ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇದ್ದರೆ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ರೂಮಿನ ಬಿಸಿಗೆ ಬರುವವರೆಗೆ ಬಿಡಬೇಕು. ಇಲ್ಲದಿದ್ದರೆ ತಣ್ಣನೆಯ ಕಾಳಿನ ಮೇಲೆ ನೀರು ಕೂರುತ್ತದೆ. ರವೆಯನ್ನು ಎಲ್ಲರೂ ಮಾಡುವ ಹಾಗೆ ತಂದ ದಿನವೇ ಹುರಿದು ಆರಿಸಿ ಇಡುವುದು. ಅಕ್ಕಿಯನ್ನು ತಿಂಗಳಿಗೆ ಬೇಕಾದಷ್ಟೇ ತರುವುದು. ಒಂದು ತಿಂಗಳಲ್ಲಿ ಮುಗಿಸಿದರೆ ಹುಳಕ್ಕೆ ಎರಡನೇ ತಲೆಮಾರು ಕಾಣುವ ಪುರುಸೊತ್ತೇ ಸಿಗಲ್ಲ. ಪಾಲಿಶ್ ಮಾಡದ ಅಕ್ಕಿಯಾದರೆ ಇನ್ನೂ ಕಡಿಮೆ ತರಬೇಕು. ತೌಡು ಉಳಿದಿರುವ ಅಕ್ಕಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ, ಹುಳಕ್ಕೂ ಅದು ಪ್ರೀತಿ. ಸಾವಯವ ಅಂಗಡಿಯಲ್ಲಿ ಹುಳ ತೋರಿಸಿದರೆ "ವಿಷ ಹಾಕಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ" ಅನ್ನುತ್ತಾರೆ. ಸರಿಯಾಗಿ ಒಣಗಿಸಿಲ್ಲ ಅನ್ನೋದಕ್ಕೂ ಅದೇ ಸಾಕ್ಷಿ, ಅಲ್ವಾ?

ಸೊಪ್ಪನ್ನು ಪೂರ್ತಿ ಬಿಟ್ಟಿಲ್ಲ. ಊರಿಂದ ಬರುವಾಗ ಲಕ್ಕಿ ಕಡ್ಡಿ ತಂದು ಕುಂಡದಲ್ಲಿ ನೆಟ್ಟಿದ್ದೇನೆ, ಚೆನ್ನಾಗಿ ಚಿಗುರಿದೆ. ಒಣಗಿದ ಎಲೆಯನ್ನು ತೆಳ್ಳನೆ ಬಟ್ಟೆಯಲ್ಲಿ ಗಂಟು ಕಟ್ಟಿ ಅಲಸಂದೆ, ಹುರುಳಿ ಡಬ್ಬಗಳಲ್ಲಿ ಮಧ್ಯೆ ಒಂದು, ಮೇಲೊಂದು ಇಡುತ್ತೇನೆ. ಗಂಟು ಕಟ್ಟಿದರೆ ಎಲೆಯ ಪುಡಿ ಕಾಳಿಗೆ ಬೆರೆಯಲ್ಲ. ಮೂಗಿಗೆ ಹಿಡಿದಾಗ ಘಾಟು ಬರದಿದ್ದರೆ ಹುಳಕ್ಕೂ ಬರಲ್ಲ ಅಂತ ತಿಳಿದು ಬದಲಿಸುತ್ತೇನೆ. ಕಾಳನ್ನು ಹೇಗೂ ತೊಳೆದು ನೆನೆಸಿ ಬೇಯಿಸುವುದರಿಂದ ವಾಸನೆ ಉಳಿಯಲ್ಲ.

ಅಕ್ಕಿ ಡಬ್ಬದ ಯಜಮಾನಿಕೆ ಮಾತ್ರ ಅತ್ತೆಯದು. ಅವರ ಮದ್ದು ಬೆಳ್ಳುಳ್ಳಿ, ಸಿಪ್ಪೆ ಸಮೇತ ಇಡೀ ಗೆಡ್ಡೆ. ಯೂಜಿನಾಲ್ ಲೆಕ್ಕವನ್ನೂ ಹಲ್ಲಿನ ತೇವಾಂಶದ ಕಥೆಯನ್ನೂ ಅವರಿಗೆ ಹೇಳಿ ನೋಡಿದೆ. ಪೂರ್ತಿ ಕೇಳಿಸಿಕೊಂಡು, "ನೀವು ಹೇಳೋದು ಸರಿ ಇರಬಹುದು, ಬೆಳ್ಳುಳ್ಳಿ ಅಲ್ಲೇ ಇರಲಿ" ಅಂದರು. ಇರಲಿ ಬಿಡಿ. ಪಾಯಸದ ಅಕ್ಕಿಯನ್ನು ಬೇರೆ ಡಬ್ಬದಲ್ಲಿ ಇಟ್ಟಿದ್ದೇನೆ.